ಬೀಟಾಕ್ಯಾಮ್ ಡೆಕ್‌ನ ಸ್ಪೆಸಿಫಿಕೇಷನ್ ಹಾಳೆಯನ್ನು ಟೇಪಿನ ಕಡೆಯಿಂದ ಓದುವುದು ಹೇಗೆ

ಟಿವಿ ವಾಹಿನಿಗಳು ಬಳಸುತ್ತಿದ್ದ ವಿಡಿಯೊ ಕ್ಯಾಸೆಟ್‌ಗಳನ್ನು ಓಡಿಸುವ ಹಳೆಯ ಬೀಟಾಕ್ಯಾಮ್ ಡೆಕ್ ಎಲ್ಲೋ ಮಾರಾಟಕ್ಕಿದೆ ಎಂದು ಗೊತ್ತಾದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ "ಆನ್ ಆಗುತ್ತಾ?" ಆನ್ ಆಗುವುದು ದೊಡ್ಡ ಸಂಗತಿಯಲ್ಲ. ದೀಪ ಹತ್ತಿ, ಕ್ಯಾಸೆಟ್ ಒಳಗೆಳೆದುಕೊಂಡು, ಮಾನಿಟರ್ ಮೇಲೆ ಚಿತ್ರ ತೋರಿಸುವ ಡೆಕ್ ಕೂಡ ಟೇಪಿನಲ್ಲಿರುವ ಬಣ್ಣವನ್ನು ಪೂರ್ತಿ ಕೊಡದೆ ಇರಬಹುದು. ನಾಲ್ಕು ಚಾನೆಲ್ ಧ್ವನಿಯಲ್ಲಿ ಎರಡನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು. ಒಮ್ಮೆ ಹಾಗೆಯೇ ಡಿಜಿಟೈಸ್ ಮಾಡಿ ಟೇಪನ್ನು ಎಸೆದರೆ, ಬಿಟ್ಟುಹೋದದ್ದೇನು ಎಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

ಆದ್ದರಿಂದ ಸ್ಪೆಸಿಫಿಕೇಷನ್ ಹಾಳೆಯನ್ನು ಟೇಪಿನ ಕಡೆಯಿಂದ ಓದಬೇಕು. ಈ ಟೇಪಿನ ಮೇಲೆ ಏನೇನು ಬರೆದಿದೆ, ಎಲ್ಲೆಲ್ಲಿ ಬರೆದಿದೆ, ಅದರಲ್ಲಿ ಈ ಯಂತ್ರ ಎಷ್ಟನ್ನು ಓದಬಲ್ಲದು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಹಾಳೆಯಲ್ಲಿರುವ ಮಿಕ್ಕ ಅಂಕಿಗಳಲ್ಲಿ ಮುಕ್ಕಾಲು ಪಾಲನ್ನು ಬದಿಗಿಡಬಹುದು.

ಅವಸರಕ್ಕೂ ಕಾರಣವಿದೆ. ಸೋನಿ ಕಂಪನಿ ಬೀಟಾಕ್ಯಾಮ್ ತಂದದ್ದು 1982ರಲ್ಲಿ. ಮೆಟಲ್ ಟೇಪ್ ಬಳಸುವ ಬೀಟಾಕ್ಯಾಮ್ ಎಸ್‌ಪಿ ಬಂದದ್ದು 1986ರಲ್ಲಿ, ಡಿಜಿಟಲ್ ಬೀಟಾಕ್ಯಾಮ್ 1993ರಲ್ಲಿ, ಎಂಪೆಗ್ ಐಎಂಎಕ್ಸ್ 2000ದ ಸುಮಾರಿಗೆ. ಅರ್ಧ ಇಂಚಿನ ಟೇಪ್ ಬಳಸುವ ಡೆಕ್‌ಗಳ ಮಾರಾಟವನ್ನು ಕಂಪನಿ 2016ರ ಮಾರ್ಚ್‌ಗೆ ನಿಲ್ಲಿಸಿತು. ಒಣಗಿದ, ತಂಪಾದ ಜಾಗದಲ್ಲಿ ಇಟ್ಟ ಟೇಪ್ ಇನ್ನೂ ಕೆಲವು ವರ್ಷ ತಾಳಬಹುದು. ಅದನ್ನು ಓದುವ ಹೆಡ್‌ಗಳನ್ನು ಹೊತ್ತು ತಿರುಗುವ ಉರುಳೆ, ಅಂದರೆ ಹೆಡ್ ಡ್ರಮ್, ಮಾತ್ರ ತಿರುಗಿದಷ್ಟೂ ಸವೆಯುತ್ತದೆ, ಹೊಸದು ತಯಾರಾಗುತ್ತಿಲ್ಲ.

ಮೊದಲು ಕ್ಯಾಸೆಟ್ಟನ್ನೇ ನೋಡಿ

ಎಸ್ ಗಾತ್ರದ ಕ್ಯಾಸೆಟ್ 156 × 96 × 25 ಮಿ.ಮೀ., ಎಲ್ ಗಾತ್ರದ್ದು 254 × 145 × 25 ಮಿ.ಮೀ. ಸ್ಟುಡಿಯೊ ಡೆಕ್‌ಗಳು ಎರಡನ್ನೂ ಅಡಾಪ್ಟರ್ ಇಲ್ಲದೆ ತೆಗೆದುಕೊಳ್ಳುತ್ತವೆ. ಕ್ಯಾಮೆರಾಗೆ ಹೋಗುತ್ತಿದ್ದದ್ದು ಚಿಕ್ಕದು, ಎಡಿಟ್ ಆದ ಮಾಸ್ಟರ್ ಸಾಮಾನ್ಯವಾಗಿ ದೊಡ್ಡದರಲ್ಲಿ ಇರುತ್ತಿತ್ತು. ಬಣ್ಣದಿಂದಲೂ ಒಂದು ಅಂದಾಜು ಸಿಗುತ್ತದೆ: ಎಸ್‌ಪಿ ಹೆಚ್ಚಾಗಿ ಬೂದು, ಡಿಜಿಟಲ್ ಬೀಟಾಕ್ಯಾಮ್ ನೀಲಿ, ಬೀಟಾಕ್ಯಾಮ್ ಎಸ್‌ಎಕ್ಸ್ (ಇನ್ನೊಂದು ಡಿಜಿಟಲ್ ಬಗೆ) ಹಳದಿ, ಐಎಂಎಕ್ಸ್ ಹಸಿರು. ಆದರೆ ಬೇರೆ ಕಂಪನಿಗಳ ಎಸ್‌ಪಿ ಕ್ಯಾಸೆಟ್ ಕಪ್ಪು ಬಣ್ಣದಲ್ಲೂ ಬರುತ್ತಿತ್ತು. ಬಣ್ಣವನ್ನು ಮಾತ್ರ ನಂಬಬೇಡಿ, ಲೇಬಲ್ ಓದಿ.

ಕ್ಯಾಸೆಟ್ ಮೇಲೆ ಬರೆದ ನಿಮಿಷಗಳ ಲೆಕ್ಕವೂ ಮೋಸ ಮಾಡುತ್ತದೆ. ಎಸ್‌ಪಿ ಟೇಪಿನ ವೇಗ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 118.6 ಮಿ.ಮೀ., ಭಾರತದ ಪದ್ಧತಿಯಾದ ಪಾಲ್‌ನಲ್ಲಿ 101.51 ಮಿ.ಮೀ. ಹೀಗಾಗಿ 30 ಎಂದು ಬರೆದ ಟೇಪಿನಲ್ಲಿ ನಮ್ಮ ಪಾಲ್ ಡೆಕ್ ಸುಮಾರು 35 ನಿಮಿಷ, 90 ಎಂದು ಬರೆದದ್ದರಲ್ಲಿ 105 ನಿಮಿಷದಷ್ಟು ರೆಕಾರ್ಡ್ ಮಾಡಿರುತ್ತದೆ. ಸಾಫ್ಟ್‌ವೇರಿನಲ್ಲಿ 90 ನಿಮಿಷಕ್ಕೆ ಕ್ಯಾಪ್ಚರ್ (ಕಂಪ್ಯೂಟರಿಗೆ ಹಿಡಿದುಕೊಳ್ಳುವುದು) ನಿಲ್ಲುವಂತೆ ಹೊಂದಿಸಿ ಎದ್ದುಹೋದರೆ ಕೊನೆಯ ಕಾಲು ಗಂಟೆ ಟೇಪಿನಲ್ಲೇ ಉಳಿಯುತ್ತದೆ.

ಡೆಕ್‌ಗೆ ಹಾಕುವ ಮೊದಲೇ ಕ್ಯಾಸೆಟ್ಟಿನ ಕೆಂಪು ಗುಂಡಿಯನ್ನು ರೆಕಾರ್ಡ್ ಆಗದ ಸ್ಥಿತಿಗೆ ಒತ್ತಿ. ಡೆಕ್‌ನಲ್ಲಿ ರೆಕ್ ಇನ್‌ಹಿಬಿಟ್ (ರೆಕಾರ್ಡ್ ತಡೆಯುವ ಸ್ವಿಚ್) ಇದ್ದರೆ ಅದನ್ನೂ ಆನ್ ಮಾಡಿ. ಎರಡನ್ನೂ ಮಾಡಿ, ಒಂದು ಸಾಕು ಎಂದುಕೊಳ್ಳಬೇಡಿ. ರಿಮೋಟ್‌ನಲ್ಲಿ ಡೆಕ್ ಓಡಿಸುವ ಸಾಫ್ಟ್‌ವೇರ್‌ಗಳಲ್ಲಿ 'ಟೇಪಿಗೆ ರೆಕಾರ್ಡ್ ಮಾಡು' ಎಂಬ ಆಯ್ಕೆಯೂ ಇರುತ್ತದೆ, ಬೆರಳು ಜಾರುವುದಕ್ಕೆ ಕ್ಷಣ ಸಾಕು.

ಯಾವ ಡೆಕ್ ಯಾವುದನ್ನು ಓದುತ್ತದೆ

ಮಾಡೆಲ್ ಸಂಖ್ಯೆಯ ಕೊನೆಯಲ್ಲಿರುವ 'ಪಿ' ಅಕ್ಷರಕ್ಕೆ ತುಂಬ ತೂಕವಿದೆ. ಬಿವಿಡಬ್ಲ್ಯು-75 ಎನ್‌ಟಿಎಸ್‌ಸಿ ಯಂತ್ರ, ಬಿವಿಡಬ್ಲ್ಯು-75ಪಿ ಪಾಲ್ ಯಂತ್ರ. ಭಾರತದ್ದು 625 ಗೆರೆ, ಸೆಕೆಂಡಿಗೆ 50 ಫೀಲ್ಡ್‌ನ (ಒಂದು ಬಿಟ್ಟು ಒಂದು ಗೆರೆಗಳಿಂದಾದ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ) ಪಾಲ್ ಪದ್ಧತಿ. ಹಾಗಾಗಿ ಬೆಂಗಳೂರಿನಲ್ಲಿ ತೆಗೆದ ಧಾರಾವಾಹಿಯ ಟೇಪಾಗಲಿ, ಯಕ್ಷಗಾನ ಪ್ರಸಂಗದ ದಾಖಲೆಯಾಗಲಿ 'ಪಿ' ಇರುವ ಡೆಕ್ಕನ್ನೇ ಕೇಳುತ್ತದೆ. ಅಮೆರಿಕದಿಂದ ಅಗ್ಗಕ್ಕೆ ಸಿಗುತ್ತದೆ ಎಂದು ತರಿಸಿದ ಡೆಕ್‌ನಲ್ಲಿ ಡ್ರಮ್ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ, ಟೇಪ್ ಓಡುವ ವೇಗವೂ ಬೇರೆ. ನಮ್ಮ ಟೇಪಿಗೆ ಬೇಕಾದದ್ದು 25 ಸುತ್ತು. ಅದು ಸ್ವಿಚ್ ಹಾಕಿ ಬದಲಿಸುವಂಥದ್ದಲ್ಲ.

ಬಿವಿಡಬ್ಲ್ಯು ಸರಣಿ ಪ್ರಸಾರ ಕೇಂದ್ರಗಳಿಗೆ ಮಾಡಿದ್ದು, ನಾಲ್ಕೂ ಚಾನೆಲ್ ಆಡಿಯೊ ಓದುತ್ತದೆ. ಅದರಲ್ಲಿ 60 ಮತ್ತು 65 ಪ್ಲೇಯರ್‌ಗಳು, 70 ಮತ್ತು 75 ರೆಕಾರ್ಡರ್‌ಗಳು. 65 ಹಾಗೂ 75ರಲ್ಲಿ ಡೈನಮಿಕ್ ಟ್ರ್ಯಾಕಿಂಗ್ ಇರುವುದರಿಂದ ನಿಧಾನಗತಿಯಲ್ಲೂ ಚಿತ್ರ ಶುದ್ಧವಾಗಿ ಬರುತ್ತದೆ. ಡಿಜಿಟೈಸ್ ಮಾಡುವವರಿಗೆ ಇದರಿಂದ ಲಾಭವಿಲ್ಲ. 60 ಚೆನ್ನಾಗಿದ್ದರೆ ಅದೇ ಸಾಕು. ಯುವಿಡಬ್ಲ್ಯು ಸರಣಿ ಅಗ್ಗದ ದರ್ಜೆಯದು. ಯುವಿಡಬ್ಲ್ಯು-1800ಪಿ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ, ಚಿತ್ರವೂ ಕೆಟ್ಟದ್ದೇನಲ್ಲ. ಆದರೆ ಅದು ಓದುವುದು ಎರಡೇ ಆಡಿಯೊ ಚಾನೆಲ್. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಧ್ವನಿ ಇದೆ ಎಂಬ ಸುಳಿವನ್ನು ಕೂಡ ಅದು ಕೊಡುವುದಿಲ್ಲ.

ಡಿಜಿಟಲ್ ಬೀಟಾಕ್ಯಾಮಿನಲ್ಲಿ ಡಿವಿಡಬ್ಲ್ಯು-500ಪಿ ಮತ್ತು ಡಿವಿಡಬ್ಲ್ಯು-ಎ500ಪಿ ನಡುವಿನ ವ್ಯತ್ಯಾಸ ಒಂದೇ ಅಕ್ಷರ. 'ಎ' ಇದ್ದರೆ ಅನಲಾಗ್ ಎಸ್‌ಪಿ ಟೇಪನ್ನೂ ಓದುತ್ತದೆ, ಇಲ್ಲದಿದ್ದರೆ ಡಿಜಿಟಲ್ ಮಾತ್ರ. ಎರಡು ಬಗೆಯ ಟೇಪೂ ರಾಶಿ ಇದ್ದು ಒಂದೇ ಯಂತ್ರಕ್ಕೆ ಹಣವಿದ್ದರೆ ಎ500ಪಿ ಹುಡುಕಿ. ಅದರಿಂದ ನೇರವಾಗಿ ಎಸ್‌ಡಿಐ (ಒಂದೇ ಕೇಬಲಿನಲ್ಲಿ ಬರುವ ಡಿಜಿಟಲ್ ಸಿಗ್ನಲ್) ಹೊರಬರುತ್ತದೆ, ಕಂಪ್ಯೂಟರಿನ ಕ್ಯಾಪ್ಚರ್ ಕಾರ್ಡಿನ ಅನಲಾಗ್ ಇನ್‌ಪುಟ್ಟಿನ ಗೊಡವೆಯೇ ಇರುವುದಿಲ್ಲ. ಜೆ-30 ಎಂಬ ಚಿಕ್ಕ ಪ್ಲೇಯರ್ ಎಸ್‌ಪಿ, ಎಸ್‌ಎಕ್ಸ್, ಐಎಂಎಕ್ಸ್, ಡಿಜಿಟಲ್ ಬೀಟಾಕ್ಯಾಮ್ ಎಲ್ಲವನ್ನೂ ಓದುತ್ತದೆ, ಪಾಲ್ ಮತ್ತು ಎನ್‌ಟಿಎಸ್‌ಸಿ ಎರಡನ್ನೂ ಸಹ. ಅದು ಕಚೇರಿಯಲ್ಲಿ ಟೇಪ್ ನೋಡುವುದಕ್ಕೆಂದು ಮಾಡಿದ್ದು. ಯಾವ ಟೇಪಿನಲ್ಲಿ ಏನಿದೆ ಎಂದು ಪಟ್ಟಿ ಮಾಡುವುದಕ್ಕೆ ಅದನ್ನು ಬಳಸಿ, ಅಂತಿಮ ಕ್ಯಾಪ್ಚರ್ ದೊಡ್ಡ ಡೆಕ್‌ನಲ್ಲಿ ಮಾಡಿ ಎಂಬುದು ನನ್ನ ಸಲಹೆ.

ಟೇಪಿನ ಮೇಲೆ ಏನು ಎಲ್ಲಿದೆ

ಬೀಟಾಕ್ಯಾಮಿನ ಜೀವಾಳ ಇಲ್ಲಿದೆ. ಬೆಳಕಿನ ಸಿಗ್ನಲ್ ವೈ ಒಂದು ಟ್ರ್ಯಾಕಿನಲ್ಲಿ, ಬಣ್ಣದ ಸಿಗ್ನಲ್ ಸಿ ಪಕ್ಕದ ಇನ್ನೊಂದು ಟ್ರ್ಯಾಕಿನಲ್ಲಿ, ಬೇರೆ ಬೇರೆ ಹೆಡ್‌ಗಳಿಂದ ಬರೆಯಲ್ಪಡುತ್ತವೆ. ಬಣ್ಣದಲ್ಲಿ ಆರ್-ವೈ, ಬಿ-ವೈ ಎಂಬ ಎರಡು ಸಿಗ್ನಲ್ ಇರುತ್ತವಲ್ಲ, ಎರಡನ್ನೂ ಕಾಲದಲ್ಲಿ ಅರ್ಧಕ್ಕೆ ಕುಗ್ಗಿಸಿ, 64 ಮೈಕ್ರೊಸೆಕೆಂಡಿನ ಒಂದೇ ಗೆರೆಯೊಳಗೆ ಒಂದರ ಹಿಂದೆ ಒಂದನ್ನು ಕೂರಿಸುತ್ತಾರೆ. ಪ್ಲೇ ಮಾಡುವಾಗ ಡೆಕ್ ಅವನ್ನು ಮತ್ತೆ ಹಿಗ್ಗಿಸಿ ಬಿಡಿಸುತ್ತದೆ. ವಿಎಚ್‌ಎಸ್, ಯು-ಮ್ಯಾಟಿಕ್‌ಗಳಲ್ಲಿ ಬಣ್ಣವನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಬೆಳಕಿನ ಜೊತೆಗೇ ತುರುಕುತ್ತಿದ್ದರು. ಇಲ್ಲಿ ಬಣ್ಣಕ್ಕೆ ತನ್ನದೇ ದಾರಿ ಸಿಕ್ಕಿತು.

ಪಾಲ್ ಎಸ್‌ಪಿಯಲ್ಲಿ ವೈ ಬ್ಯಾಂಡ್‌ವಿಡ್ತ್ 5.5 ಮೆಗಾಹರ್ಟ್ಸ್, ಬಣ್ಣದ್ದು 2 ಮೆಗಾಹರ್ಟ್ಸ್. ಡ್ರಮ್ಮಿನ ವ್ಯಾಸ 74.487 ಮಿ.ಮೀ. ಅದನ್ನು ಪೈಯಿಂದ ಗುಣಿಸಿದರೆ ಸುತ್ತಳತೆ 234 ಮಿ.ಮೀ., ಸೆಕೆಂಡಿಗೆ 25 ಸುತ್ತು ಎಂದರೆ 5.85 ಮೀಟರ್. ಟೇಪಿನ ಓಟವನ್ನು ಕಳೆದರೆ ಹೆಡ್ ಟೇಪಿನ ಮೇಲೆ ಉಜ್ಜಿಕೊಂಡು ಹೋಗುವ ವೇಗ ಸೆಕೆಂಡಿಗೆ ಸುಮಾರು 5.75 ಮೀಟರ್. ಗಂಟೆಗೆ 20 ಕಿಲೋಮೀಟರಿಗೂ ಹೆಚ್ಚು. ಇಷ್ಟು ವೇಗದಲ್ಲಿ ಟೇಪಿಗೂ ಹೆಡ್‌ಗೂ ನಡುವೆ ಬರುವ ಧೂಳಿನ ಒಂದು ಕಣವೂ ಸಿಗ್ನಲ್ಲನ್ನು ಕೆಲವು ಗೆರೆಗಳ ಮಟ್ಟಿಗೆ ಮಾಯ ಮಾಡುತ್ತದೆ ಎಂಬುದಕ್ಕೆ ಈ ಲೆಕ್ಕ ಕೊಟ್ಟೆ.

ಡ್ರಮ್ ಮೇಲೆ ವೈ ಹೆಡ್ ಎರಡು, ಸಿ ಹೆಡ್ ಎರಡು, ಎದುರುಬದುರಾಗಿ. ಒಂದು ಜೋಡಿ ಒಂದು ಫೀಲ್ಡನ್ನು ಓದಿದರೆ ಎದುರಿನ ಜೋಡಿ ಮುಂದಿನ ಫೀಲ್ಡನ್ನು ಓದುತ್ತದೆ. ಇಷ್ಟು ಗೊತ್ತಿದ್ದರೆ ಮಾನಿಟರ್ ನೋಡಿಯೇ ರೋಗ ಹೇಳಬಹುದು. ಚಿತ್ರ ಪೂರ್ತಿ ಬಿಳಿ ಚುಕ್ಕೆಗಳಿಂದ ತುಂಬಿ ಪಟಪಟನೆ ಮಿನುಗುತ್ತಿದೆ, ಆದರೆ ಅದರ ಹಿಂದೆ ಒಳ್ಳೆಯ ಚಿತ್ರವೂ ಕಾಣುತ್ತಿದೆ ಎಂದರೆ ಒಂದು ವೈ ಹೆಡ್ ಕೊಳೆಯಿಂದ ಕಟ್ಟಿಕೊಂಡಿದೆ, ಇನ್ನೊಂದು ಚೆನ್ನಾಗಿದೆ. ಚಿತ್ರ ಕಪ್ಪುಬಿಳುಪಿನಲ್ಲಿ ಸ್ಫುಟವಾಗಿದ್ದು ಬಣ್ಣ ಮಾತ್ರ ಅಡ್ಡಗೆರೆಯಾಗಿ ಒಡೆಯುತ್ತಿದ್ದರೆ ಸಿ ಹೆಡ್ ನೋಡಿ. ಆಗ 3 ಮತ್ತು 4ನೇ ಚಾನೆಲ್ ಧ್ವನಿಯಲ್ಲೂ ಚಟಪಟ ಸದ್ದು ಕೇಳಿಸಿದರೆ ಅನುಮಾನವೇ ಬೇಡ. ಆ ಎರಡು ಆಡಿಯೊ ಚಾನೆಲ್‌ಗಳು ಎಫ್‌ಎಂ ಆಗಿ ಬಣ್ಣದ ಟ್ರ್ಯಾಕಿನಲ್ಲೇ ಕೂತಿವೆ. ಬಣ್ಣ ಹೋದರೆ ಅವೂ ಹೋಗುತ್ತವೆ.

ಮಿಕ್ಕದ್ದು ಟೇಪಿನ ಅಂಚುಗಳಲ್ಲಿದೆ. ಮೇಲಿನ ಅಂಚಿನಲ್ಲಿ 1 ಮತ್ತು 2ನೇ ಚಾನೆಲ್ಲಿನ ಲೀನಿಯರ್ (ಟೇಪಿನ ಉದ್ದಕ್ಕೂ ನೇರವಾಗಿ ಬರೆದ) ಆಡಿಯೊ, ಕೆಳಗಿನ ಅಂಚಿನಲ್ಲಿ ಟೇಪಿನ ಓಟವನ್ನು ಹಿಡಿತದಲ್ಲಿಡುವ ಕಂಟ್ರೋಲ್ ಟ್ರ್ಯಾಕ್ ಮತ್ತು ಪ್ರತಿ ಚಿತ್ರಕ್ಕೂ ಸಮಯದ ಗುರುತು ಕೊಡುವ ಟೈಮ್‌ಕೋಡ್. ಟೇಪಿನ ಮೇಲಂಚು ಸುಕ್ಕಾಗಿದ್ದರೆ ಧ್ವನಿ ಅಲೆಯಲೆಯಾಗಿ ಏರಿಳಿಯುತ್ತದೆ, ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಕೆಳಂಚು ಸುಕ್ಕಾಗಿದ್ದರೆ ಕಂಟ್ರೋಲ್ ಪಲ್ಸ್ ಸಿಗದೆ ಸರ್ವೊ ದೀಪ ಆರಿ ಆರಿ ಹತ್ತುತ್ತದೆ, ಚಿತ್ರ ಜಿಗಿಯುತ್ತದೆ, ಟೈಮ್‌ಕೋಡ್ ನಿಂತುಹೋಗುತ್ತದೆ. ಹೀಗಾದಾಗ ಹೆಡ್ ತೊಳೆಯುತ್ತ ಕೂರುವುದು ವ್ಯರ್ಥ.

ಹೆಡ್ ತೊಳೆಯುವುದು

ಕ್ಲೀನಿಂಗ್ ಕ್ಯಾಸೆಟ್ ಹಾಕಿದರೆ ಒಂದು ಸಲಕ್ಕೆ ಐದು ಸೆಕೆಂಡ್, ಅಷ್ಟೇ. ಅದು ಹೆಡ್ಡನ್ನು ಉಜ್ಜಿ ಸವೆಸಿಯೇ ಸ್ವಚ್ಛ ಮಾಡುವುದು. ಹೊಸ ಡ್ರಮ್ ಸಿಗದ ಈ ಕಾಲದಲ್ಲಿ ಪ್ರತಿ ಟೇಪಿಗೂ ಕ್ಲೀನಿಂಗ್ ಕ್ಯಾಸೆಟ್ ಹಾಕುವ ಅಭ್ಯಾಸ ಡೆಕ್ಕನ್ನು ಕೊಲ್ಲುತ್ತದೆ. ಕೈಯಿಂದ ತೊಳೆಯುವುದೇ ಮೇಲು: ಡೆಕ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಮೇಲಿನ ಮುಚ್ಚಳ ಬಿಚ್ಚಿ. ಶಾಮಿ ಚರ್ಮದ ಸ್ವಾಬ್‌ಗೆ 99 ಪ್ರತಿಶತದ ಐಸೊಪ್ರೊಪಿಲ್ ಆಲ್ಕೊಹಾಲ್ ಹಾಕಿ, ತೊಟ್ಟಿಕ್ಕದಷ್ಟು ಹಿಂಡಿ. ಸ್ವಾಬನ್ನು ಡ್ರಮ್ಮಿಗೆ ಹಗುರವಾಗಿ ತಾಗಿಸಿ ಅಲ್ಲಾಡಿಸದೆ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲ್ತುದಿಯಿಂದ ನಿಧಾನವಾಗಿ ತಿರುಗಿಸಿ. ಸ್ವಾಬನ್ನು ಮೇಲೆ ಕೆಳಗೆ ಎಂದೂ ಆಡಿಸಬೇಡಿ. ಹೆಡ್ಡಿನ ತುದಿ ಡ್ರಮ್ಮಿನಿಂದ ಕೂದಲೆಳೆಯಷ್ಟೂ ಹೊರಗೆ ಚಾಚಿರುವುದಿಲ್ಲ, ಅದು ಮುರಿಯುವುದು ಲಂಬವಾದ ಒತ್ತಡಕ್ಕೆ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಲೀನಿಯರ್ ಆಡಿಯೊ ಹೆಡ್, ಕಂಟ್ರೋಲ್ ಹೆಡ್, ಕ್ಯಾಪ್‌ಸ್ಟನ್, ಟೇಪ್ ಗೈಡ್‌ಗಳಿಗೆ ಹತ್ತಿಕಡ್ಡಿ ನಡೆಯುತ್ತದೆ. ಪಿಂಚ್ ರೋಲರಿನ ರಬ್ಬರಿಗೆ ಆಲ್ಕೊಹಾಲ್ ಪದೇ ಪದೇ ಹಚ್ಚಿದರೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪೂರ್ತಿ ಒಣಗಲು ಹತ್ತು ಹದಿನೈದು ನಿಮಿಷ ಬಿಟ್ಟು ಟೇಪ್ ಹಾಕಿ.

ಕೊಳ್ಳುವ ಮೊದಲು ಅವರ್ ಮೀಟರ್ ತೋರಿಸಲು ಕೇಳಿ. ಡಿಜಿಟಲ್ ಬೀಟಾಕ್ಯಾಮ್ ಡೆಕ್‌ಗಳ ಮೆನುವಿನಲ್ಲಿ ವಿದ್ಯುತ್ ಹರಿದ ಗಂಟೆ, ಡ್ರಮ್ ತಿರುಗಿದ ಗಂಟೆ, ಟೇಪ್ ಓಡಿದ ಗಂಟೆ, ಟೇಪ್ ಸುತ್ತಿಕೊಂಡ ಸಲ ಎಂದು ಬೇರೆ ಬೇರೆ ಲೆಕ್ಕ ಇರುತ್ತದೆ. ಮಾರುವವರು ಹೇಳುವ ಅಂಕಿ ಇವುಗಳಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಡ್ರಮ್ ಬದಲಾಯಿಸಿದ್ದರೆ ಡ್ರಮ್ ಗಂಟೆಯನ್ನು ಸೊನ್ನೆ ಮಾಡಿರಬಹುದು. ಬದಲಾಯಿಸದೆಯೂ ಸೊನ್ನೆ ಮಾಡಿರಬಹುದು. ಅದಕ್ಕೆ ಮೀಟರ್ ಜೊತೆಗೆ ಆರ್‌ಎಫ್ ಮಟ್ಟವನ್ನೂ (ಹೆಡ್ ಟೇಪಿನಿಂದ ಎತ್ತಿಕೊಳ್ಳುವ ಕಚ್ಚಾ ಸಿಗ್ನಲ್ಲಿನ ಬಲ) ನೋಡಬೇಕು. ಬಿವಿಡಬ್ಲ್ಯು ಡೆಕ್‌ಗಳಲ್ಲಿ ಮೀಟರನ್ನು ಆರ್‌ಎಫ್ ಕಡೆಗೆ ತಿರುಗಿಸಬಹುದು. ಒಳ್ಳೆಯದೆಂದು ಗೊತ್ತಿರುವ ನಿಮ್ಮದೇ ಟೇಪೊಂದನ್ನು ಜೊತೆಗೆ ಒಯ್ದು, ಅದನ್ನು ಹಾಕಿ, ಟ್ರ್ಯಾಕಿಂಗ್ ಗುಂಡಿಯನ್ನು ಆಚೀಚೆ ತಿರುಗಿಸಿ ನೋಡಿ. ಅತಿ ಹೆಚ್ಚಿನ ಆರ್‌ಎಫ್ ಸಿಗುವುದು ನಡುಮಧ್ಯದ ಆಸುಪಾಸಿನಲ್ಲಾದರೆ ಯಂತ್ರದ ಹೊಂದಾಣಿಕೆ ಚೆನ್ನಾಗಿದೆ. ಒಂದು ಕೊನೆಗೆ ತಿರುಗಿಸಿದಾಗ ಮಾತ್ರ ಸಿಕ್ಕರೆ ಹೊಂದಾಣಿಕೆ ತಪ್ಪಿದೆ. 1980, 90ರ ದಶಕದ ಬೋರ್ಡುಗಳಲ್ಲಿರುವ ಚಿಕ್ಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸೋರಿ ತಾಮ್ರದ ದಾರಿಗಳನ್ನು ತಿನ್ನುವುದು ಇನ್ನೊಂದು ಮಾಮೂಲಿ ಕಾಯಿಲೆ. ಡೆಕ್ ತೆರೆದಾಗ ಮೀನಿನಂಥ ವಾಸನೆ ಬಂದರೆ, ಕೆಪಾಸಿಟರ್ ಬುಡದಲ್ಲಿ ಕಂದು ಕಲೆ ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ, ರಿಪೇರಿಯ ಖರ್ಚು ಸೇರಿಸಿ ಯೋಚಿಸಿ.

ವೈರಿಂಗ್ ಮತ್ತು ಲೆವೆಲ್

ಅತಿ ಹೆಚ್ಚು ಟೇಪುಗಳು ಕೆಟ್ಟದಾಗಿ ಡಿಜಿಟೈಸ್ ಆಗಿರುವುದು ಹಳದಿ ಕೇಬಲಿನ ದೆಸೆಯಿಂದ. ಡೆಕ್ಕಿನ ಹಿಂದೆ ಕಾಂಪೋಸಿಟ್ ಔಟ್‌ಪುಟ್ ಇರುತ್ತದೆ, ಒಂದೇ ಕೇಬಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಟೇಪಿನಲ್ಲಿ ಬೇರೆ ಬೇರೆಯಾಗಿ ಜೋಪಾನವಾಗಿದ್ದ ಬೆಳಕು ಮತ್ತು ಬಣ್ಣವನ್ನು ಆ ಔಟ್‌ಪುಟ್ ಮತ್ತೆ ಕಲಸಿಬಿಡುತ್ತದೆ, ಕ್ಯಾಪ್ಚರ್ ಕಾರ್ಡ್ ಅದನ್ನು ಬೇರ್ಪಡಿಸಲು ಒದ್ದಾಡುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿಯ ಮೇಲೆ ಇಲ್ಲದ ಕಾಮನಬಿಲ್ಲಿನ ಬಣ್ಣ ಹರಿದಾಡುವುದು ಹೀಗೆ. ಟೇಪಿನಲ್ಲಿ ಆ ದೋಷ ಇಲ್ಲ, ಕೇಬಲ್ ತಂದುಹಾಕಿದ್ದು. ಎಸ್‌ಡಿಐ ಇದ್ದರೆ ಎಸ್‌ಡಿಐ, ಇಲ್ಲದಿದ್ದರೆ ಕಂಪೋನೆಂಟಿನ ಮೂರು ಬಿಎನ್‌ಸಿ ಕೇಬಲ್. ಮೂರೂ ಒಂದೇ ಉದ್ದದ, 75 ಓಮಿನ ಕೇಬಲ್ ಆಗಿರಲಿ.

ಕಂಪೋನೆಂಟಿನಲ್ಲಿ ಒಂದು ಬಲೆ ಇದೆ. ಪಾಲ್ ಬೀಟಾಕ್ಯಾಮಿನಲ್ಲಿ ವೈ 0.7 ವೋಲ್ಟ್, ಅದರ ಜೊತೆ 0.3 ವೋಲ್ಟಿನ ಸಿಂಕ್, ಒಟ್ಟು 1 ವೋಲ್ಟ್. ನೂರು ಪ್ರತಿಶತದ ಕಲರ್ ಬಾರ್‌ಗೆ (ಪರೀಕ್ಷೆಯ ಬಣ್ಣದ ಪಟ್ಟೆಗಳು) ಬಣ್ಣದ ಸಿಗ್ನಲ್‌ಗಳು ತುದಿಯಿಂದ ತುದಿಗೆ 0.7 ವೋಲ್ಟ್. ಇದನ್ನು ಯುರೋಪಿನ ಪ್ರಸಾರ ಒಕ್ಕೂಟದ ಹೆಸರಿನಿಂದ ಇಬಿಯು ಎನ್10 ಲೆವೆಲ್ ಎನ್ನುತ್ತಾರೆ. ಕ್ಯಾಪ್ಚರ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆ ಇರುತ್ತದೆ: ಒಂದರ ಹೆಸರು 'ಬೀಟಾಕ್ಯಾಮ್', ಇನ್ನೊಂದರದು 'ಎಸ್‌ಎಂಪಿಟಿಇ' ಅಥವಾ 'ಎನ್10'. ಡೆಕ್ ಬೀಟಾಕ್ಯಾಮ್ ತಾನೇ ಎಂದು ಮೊದಲನೆಯದನ್ನು ಆರಿಸಿದರೆ ಕೆಲಸ ಕೆಟ್ಟಂತೆ. ಅಲ್ಲಿ ಬೀಟಾಕ್ಯಾಮ್ ಎಂದರೆ ಎನ್‌ಟಿಎಸ್‌ಸಿ ನಾಡುಗಳ ಲೆವೆಲ್. ನೂರು ಪ್ರತಿಶತದ ಬಾರ್‌ಗೆ ಬಣ್ಣ 0.934 ವೋಲ್ಟ್ ಬರಬೇಕು, ಕಪ್ಪು 7.5 ಪ್ರತಿಶತ ಮೇಲೆ ಕೂರಬೇಕು ಎಂದು ಕಾರ್ಡ್ ಕಾಯುತ್ತದೆ. ನಮ್ಮ 0.7 ಅದಕ್ಕೆ ಮುಕ್ಕಾಲು ಪಾಲಾಗಿ ಕಾಣುತ್ತದೆ. ಕಾಲು ಭಾಗ ಬಣ್ಣ ಮಸುಕು, ನೆರಳಿನಲ್ಲಿರುವ ವಿವರ ಕಪ್ಪಿನಲ್ಲಿ ಮುಳುಗುತ್ತದೆ. ನೋಡುವವರು "ಹಳೆಯ ಟೇಪಲ್ವಾ, ಬಣ್ಣ ಮಾಸಿದೆ" ಎಂದು ಸುಮ್ಮನಾಗುತ್ತಾರೆ. ಬೀಟಾಕ್ಯಾಮ್ ಟೇಪಿನ ಬಣ್ಣ ಬಟ್ಟೆಯ ಬಣ್ಣದ ಹಾಗೆ ಮಾಸುವಂಥದ್ದಲ್ಲ. ಮಾಸಿದಂತೆ ಕಂಡರೆ ಮೊದಲು ಸೆಟ್ಟಿಂಗ್ ನೋಡಿ.

ಚಿತ್ರ ಒಟ್ಟಾರೆ ಮಂಕಾಗಿದ್ದರೆ, ಅಂದರೆ 0.7 ವೋಲ್ಟ್ ಬರಬೇಕಾದಲ್ಲಿ 0.47ರ ಹತ್ತಿರ ಬರುತ್ತಿದ್ದರೆ, ಎಲ್ಲೋ ಎರಡು ಕಡೆ 75 ಓಮ್ ಟರ್ಮಿನೇಷನ್ (ಕೇಬಲಿನ ಕೊನೆಯಲ್ಲಿ ಒಂದೇ ಕಡೆ ಇರಬೇಕಾದ ರೋಧ) ಆಗಿದೆ, ಸಿಗ್ನಲ್ ಮೂರನೆ ಎರಡಕ್ಕೆ ಇಳಿದಿದೆ. ಎರಡರಷ್ಟಾಗಿ ಬೆಳ್ಳಗೆ ಉರಿಯುತ್ತಿದ್ದರೆ ಟರ್ಮಿನೇಷನ್ ಎಲ್ಲೂ ಆಗಿಲ್ಲ. ಮಾನಿಟರ್ ಹಿಂದಿನ ಚಿಕ್ಕ ಸ್ವಿಚ್ಚೇ ಹೆಚ್ಚಿನ ಸಲ ತಪ್ಪಿತಸ್ಥ.

ಡೆಕ್‌ನೊಳಗಿನ ಟೈಮ್ ಬೇಸ್ ಕರೆಕ್ಟರ್ (ಟಿಬಿಸಿ) ಗೆರೆಗಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದರ ವಿಡಿಯೊ, ಕ್ರೋಮಾ, ಸೆಟಪ್ ಗುಂಡಿಗಳನ್ನು ಎಲ್ಲ ಟೇಪಿಗೂ ಪ್ರೀಸೆಟ್‌ನಲ್ಲಿ ಇಟ್ಟು ಶುರು ಮಾಡಿ. ಟೇಪಿನ ಮೊದಲಲ್ಲಿ ಕಲರ್ ಬಾರ್ ಇದ್ದರೆ ವೇವ್‌ಫಾರ್ಮ್ ಮಾನಿಟರ್ ನೋಡಿಕೊಂಡು ಹೊಂದಿಸಬಹುದು. ಆದರೆ ಆ ಬಾರ್ ಕಾರ್ಯಕ್ರಮದ ಜೊತೆಗೇ ರೆಕಾರ್ಡ್ ಆದದ್ದು ಎಂಬ ಖಾತ್ರಿ ಬೇಕು. ಕ್ಯಾಮೆರಾ ಟೇಪಿನಲ್ಲಿ ಬಾರ್ ಒಂದು, ಶಾಟ್‌ಗಳು ಇನ್ನೊಂದು ಆಗಿರುವುದು ಉಂಟು. ಸಂದೇಹವಿದ್ದರೆ ಪ್ರೀಸೆಟ್ಟೇ ಇರಲಿ, 10 ಬಿಟ್ ಫೈಲಿನಲ್ಲಿ ಆಮೇಲೆ ತಿದ್ದಲು ಅವಕಾಶವಿದೆ. ಕತ್ತರಿಸಿಹೋದ ಬಿಳುಪನ್ನು ಯಾರೂ ಮರಳಿ ತರಲಾರರು. ಡೆಕ್‌ಗೂ ಕಾರ್ಡಿಗೂ ಒಂದೇ ಬ್ಲ್ಯಾಕ್ ಬರ್ಸ್ಟ್ ರೆಫರೆನ್ಸ್ (ಎರಡನ್ನೂ ಒಂದೇ ತಾಳಕ್ಕೆ ನಡೆಸುವ ಸಿಗ್ನಲ್) ಕೊಟ್ಟರೆ ದೀರ್ಘ ಕ್ಯಾಪ್ಚರ್‌ನಲ್ಲಿ ಫ್ರೇಮ್ ಬಿಟ್ಟುಹೋಗುವ ತೊಂದರೆ ಕಡಿಮೆಯಾಗುತ್ತದೆ.

ನಾಲ್ಕು ಚಾನೆಲ್ ಧ್ವನಿ

ಎಸ್‌ಪಿಯಲ್ಲಿ 1 ಮತ್ತು 2 ಲೀನಿಯರ್, ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಸಿ ಸಹಿತ. 3 ಮತ್ತು 4 ಎಫ್‌ಎಂ. ಎಫ್‌ಎಂ ಟ್ರ್ಯಾಕಿನ ಗುಣಮಟ್ಟ ಬಹಳ ಮೇಲು: 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್‌ವರೆಗೆ, 85 ಡೆಸಿಬೆಲ್ ಡೈನಮಿಕ್ ರೇಂಜ್. ಚಿತ್ರದ ಜೊತೆಗೇ ಬರೆಯುವುದರಿಂದ ಅದನ್ನು ಆಮೇಲೆ ಒಂಟಿಯಾಗಿ ಅಳಿಸಿ ಬದಲಾಯಿಸಲು ಬರುವುದಿಲ್ಲ. ಈ ಮಿತಿಯೇ ಇಂದು ನಮಗೆ ವರ. 1 ಮತ್ತು 2ರ ಮೇಲೆ ಡಬ್ಬಿಂಗ್, ನಿರೂಪಣೆ, ಹಿನ್ನೆಲೆ ಸಂಗೀತ ಹಾಕಿದ್ದರೂ ಮೂಲ ಶಾಟಿನ ಧ್ವನಿ 3 ಮತ್ತು 4ರಲ್ಲಿ ಹಾಗೆಯೇ ಉಳಿದಿರಬಹುದು. ಮೇಳದ ಚೆಂಡೆ ಮದ್ದಳೆಯ ನಿಜವಾದ ಪೆಟ್ಟು ಅಲ್ಲಿ ಸಿಗಬಹುದು. ಎರಡು ಚಾನೆಲ್ ಡೆಕ್ ಬೇಡ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಮೆಟಲ್ ಟೇಪಿನಲ್ಲಿ ಡಾಲ್ಬಿ ತಾನಾಗಿ ಆನ್ ಆಗುತ್ತದೆ. ಹಳೆಯ ಆಕ್ಸೈಡ್ ಟೇಪಿಗೆ ಮಾತ್ರ ಸ್ವಿಚ್ ನೋಡಬೇಕು: ಧ್ವನಿ ಚುಚ್ಚುವಷ್ಟು ಚೂಪಾಗಿ, ಹಿಸ್ ಸದ್ದು ಉಸಿರಾಡಿದಂತೆ ಏರಿಳಿದರೆ ಡಾಲ್ಬಿ ಆನ್ ಆಗಬೇಕಿತ್ತು. ಕಂಬಳಿ ಹೊದಿಸಿದಂತೆ ಮಂದವಾಗಿದ್ದರೆ ಆಫ್ ಆಗಬೇಕಿತ್ತು. ಹೊರಬರುವ ಲೆವೆಲ್ ಎಕ್ಸ್‌ಎಲ್‌ಆರ್‌ನಲ್ಲಿ +4 ಡಿಬಿಯು. ಅದನ್ನು ಕಾರ್ಡಿನಲ್ಲಿ -18 ಡಿಬಿಎಫ್‌ಎಸ್‌ಗೆ ಹೊಂದಿಸಿದರೆ ಮೇಲೆ ಸಾಕಷ್ಟು ಜಾಗ ಉಳಿಯುತ್ತದೆ. ಮನೆಬಳಕೆಯ ಆರ್‌ಸಿಎ ಇನ್‌ಪುಟ್ಟಿಗೆ ನೇರ ಜೋಡಿಸಿದರೆ ಧ್ವನಿ ಸೀಳುತ್ತದೆ.

ಟೈಮ್‌ಕೋಡ್ ಮತ್ತು ರಿಮೋಟ್

ರಿಮೋಟ್ ಪೋರ್ಟ್ 9 ಪಿನ್ನಿನ ಆರ್‌ಎಸ್-422: ಸೆಕೆಂಡಿಗೆ 38,400 ಬಿಟ್, 8 ಡೇಟಾ ಬಿಟ್, ಆಡ್ ಪ್ಯಾರಿಟಿ, 1 ಸ್ಟಾಪ್ ಬಿಟ್. ನೇರ ಕೇಬಲ್ ಬೇಕು, ತಿರುಚಿದ್ದಲ್ಲ. ಆರ್‌ಎಸ್-232 ಅಡಾಪ್ಟರ್ ನೋಡಲು ಹಾಗೇ ಇದ್ದರೂ ವೋಲ್ಟೇಜೂ ಪಿನ್ನುಗಳೂ ಬೇರೆ. ಕೇಬಲ್ ಸರಿಯಿದ್ದೂ ಡೆಕ್ ಮಾತು ಕೇಳದಿದ್ದರೆ ಮುಂಭಾಗದ ಸ್ವಿಚ್ ಲೋಕಲ್‌ನಿಂದ ರಿಮೋಟ್‌ಗೆ ಹೋಗಿಲ್ಲ. ಅಂಚಿನಲ್ಲಿರುವ ಟೈಮ್‌ಕೋಡ್, ಅಂದರೆ ಎಲ್‌ಟಿಸಿ, ಟೇಪ್ ನಿಂತಾಗ ಓದಲು ಬಾರದು, ಚಿತ್ರದೊಳಗಿನ ಟೈಮ್‌ಕೋಡ್, ಅಂದರೆ ವಿಐಟಿಸಿ, ಟೇಪ್ ಭರದಿಂದ ಓಡುವಾಗ ಓದಲು ಬಾರದು. ಸೆಲೆಕ್ಟರನ್ನು ಆಟೊದಲ್ಲಿ ಇಡಿ.

ಡಿಜಿಟಲ್ ಬೀಟಾಕ್ಯಾಮ್: ದೀಪ ನೋಡುತ್ತಿರಿ

ಇಲ್ಲಿ ಚಿತ್ರ 10 ಬಿಟ್, 4:2:2 (ಬಣ್ಣದ ಮಾದರಿಗಳು ಅಡ್ಡಕ್ಕೆ ಬೆಳಕಿನ ಅರ್ಧದಷ್ಟು). ಸುಮಾರು 2:1 ಪ್ರಮಾಣದ ಹಗುರ ಕಂಪ್ರೆಷನ್, ಅದೂ ಪ್ರತಿ ಫೀಲ್ಡಿನ ಒಳಗೇ. ಆಡಿಯೊ ನಾಲ್ಕು ಚಾನೆಲ್, 48 ಕಿಲೊಹರ್ಟ್ಸ್, 20 ಬಿಟ್, ಕಂಪ್ರೆಷನ್ ಇಲ್ಲ. ಟೇಪಿನ ವೇಗ ಸೆಕೆಂಡಿಗೆ 96.7 ಮಿ.ಮೀ., ಎಲ್ ಕ್ಯಾಸೆಟ್ಟಿನಲ್ಲಿ 124 ನಿಮಿಷ ಹಿಡಿಸುತ್ತದೆ. ಪಾಲ್‌ನಲ್ಲಿ ಡ್ರಮ್ ಸೆಕೆಂಡಿಗೆ 75 ಸುತ್ತು, ಎಸ್‌ಪಿಯ ಮೂರರಷ್ಟು. ಟೇಪಿನಿಂದ ಫೈಲನ್ನು ನಕಲು ಮಾಡಿಕೊಳ್ಳುವ ದಾರಿಯಿಲ್ಲ, ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು. ಎಸ್‌ಡಿಐನ 270 ಮೆಗಾಬಿಟ್ ಹೊಳೆಯನ್ನು ಕಾರ್ಡ್ ಹಿಡಿದುಕೊಳ್ಳುತ್ತದೆ.

ಅನಲಾಗ್ ಟೇಪ್ ಹಾಳಾಗುವುದು ಕಣ್ಣಿಗೆ ಕಾಣುತ್ತದೆ: ಬಿಳಿ ಗೆರೆ, ಚುಕ್ಕೆ, ಗದ್ದಲ ಮೆಲ್ಲಗೆ ಹೆಚ್ಚುತ್ತದೆ. ಡಿಜಿಟಲ್ ಟೇಪ್ ಕೊನೆಯ ಘಳಿಗೆಯವರೆಗೂ ಚೆನ್ನಾಗಿ ಕಾಣುತ್ತದೆ. ರೀಡ್-ಸೊಲೊಮನ್ ಕೋಡ್ ತಪ್ಪುಗಳನ್ನು ತಿದ್ದಿಕೊಡುತ್ತಲೇ ಇರುತ್ತದೆ. ತಿದ್ದಲಾಗದಷ್ಟು ತಪ್ಪು ಬಂದಾಗ ಡೆಕ್ ಅಕ್ಕಪಕ್ಕದ ಚಿತ್ರದಿಂದ ಊಹಿಸಿ ಮುಚ್ಚುತ್ತದೆ, ಅದೂ ಸಾಲದಾದಾಗ ಚೌಕಗಳು ಕಾಣುತ್ತವೆ. ತಿದ್ದಿದ್ದು ಮೂಲದಷ್ಟೇ ನಿಖರ. ಮುಚ್ಚಿದ್ದು ಊಹೆ. ಇವೆರಡರ ನಡುವಿನ ಗೆರೆ ಚಿತ್ರದಲ್ಲಿ ಕಾಣದು, ಮುಂಭಾಗದ ಚಾನೆಲ್ ಕಂಡಿಷನ್ ದೀಪ ಅದರ ಸೂಚನೆ ಕೊಡುತ್ತದೆ. ಹಸಿರು ಇದ್ದರೆ ನೆಮ್ಮದಿ. ಹಳದಿ ಆಗಾಗ ಬಂದರೆ ಟೈಮ್‌ಕೋಡ್ ಬರೆದಿಟ್ಟುಕೊಳ್ಳಿ. ಕೆಂಪು ಬಂದರೆ ನಿಲ್ಲಿಸಿ, ಹೆಡ್ ತೊಳೆದು ಮತ್ತೆ ಆ ಜಾಗ ಓಡಿಸಿ. ಒಳ್ಳೆಯ ಟೇಪಿಗೂ ಹಳದಿ ಬಂದರೆ ದೋಷ ಡೆಕ್‌ನದು.

ಬೂಷ್ಟು, ತೇವ, ಅಂಟು

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಗಳನ್ನು ಕಂಡ ಟೇಪುಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಕ್ಯಾಸೆಟ್ಟಿನ ಕಿಟಕಿಯಿಂದ ಟಾರ್ಚ್ ಬಿಟ್ಟು ಸುರುಳಿಯ ಅಂಚು ನೋಡಿ. ನಯವಾದ ಕಪ್ಪಾಗಿರಬೇಕು. ಬಿಳಿ ಹುಡಿಯ ಮಚ್ಚೆ, ಜೇಡರ ಬಲೆಯಂಥ ಎಳೆ ಕಂಡರೆ ಅದನ್ನು ಡೆಕ್‌ಗೆ ಹಾಕಲೇಬೇಡಿ. ಒಂದು ಬೂಷ್ಟು ಹಿಡಿದ ಟೇಪ್ ಹೆಡ್ ಕಟ್ಟಿಸುವುದಷ್ಟೇ ಅಲ್ಲ, ಗೈಡುಗಳಲ್ಲಿ ಹುಡಿ ಬಿಟ್ಟು ಮುಂದಿನ ಎಲ್ಲ ಟೇಪಿಗೂ ಹಂಚುತ್ತದೆ. ಬೂಷ್ಟಿನ ಟೇಪುಗಳನ್ನು ಬೇರೆ ಚೀಲದಲ್ಲಿ ಪ್ರತ್ಯೇಕಿಸಿ, ಒಣ ಜಾಗದಲ್ಲಿ ವಾರಗಟ್ಟಲೆ ಇಟ್ಟು ಬೂಷ್ಟು ಒಣಗಿ ಪುಡಿಯಾದ ಮೇಲೆ, ಎನ್95 ಮುಖಗವಸು ಹಾಕಿಕೊಂಡು, ಹೊರಗಿನ ಗಾಳಿಯಲ್ಲಿ ಸ್ವಚ್ಛ ಮಾಡಬೇಕು.

ಒಣ ಟೇಪಿಗೂ ಡೆಕ್ ಇರುವ ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲು 24 ಗಂಟೆ ಕೊಡಿ. ತಣ್ಣನೆಯ ಎಸಿ ಕೋಣೆಯಿಂದ ತಂದ ಕೂಡಲೇ ಹಾಕಿದರೆ ಟೇಪಿನ ಮೇಲೆ ಹನಿಗಟ್ಟಿ ಡ್ರಮ್ಮಿಗೆ ಅಂಟುತ್ತದೆ. ಡೆಕ್ಕೇ ಹ್ಯೂಮಿಡ್ ಎಂದು ತೋರಿಸಿದರೆ ಆನ್ ಆಗಿಯೇ ಬಿಟ್ಟು, ಸಂದೇಶ ಹೋಗುವ ತನಕ ಕಾಯಿರಿ. ಪ್ಲೇ ಮಾಡುವಾಗ ಕೀರಲು ಸದ್ದು, ಪದೇ ಪದೇ ಹೆಡ್ ಕಟ್ಟಿಕೊಳ್ಳುವುದು, ಗೈಡುಗಳ ಮೇಲೆ ಅಂಟಂಟಾದ ಕಂದು ಕೊಳೆ ಇವು ಟೇಪಿನ ಅಂಟುಪದರ ತೇವ ಹೀರಿ ಬಿಡುತ್ತಿರುವ ಲಕ್ಷಣ. ಸುಮಾರು 50 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ತಾತ್ಕಾಲಿಕವಾಗಿ ಸರಿಪಡಿಸುವ ವಿಧಾನವಿದೆ. ಅದು ಉಷ್ಣತೆ ಬಿಗಿಯಾಗಿ ನಿಯಂತ್ರಿಸುವ ಪ್ರಯೋಗಾಲಯದ ಒಲೆಯಲ್ಲಿ ಮಾಡುವ ಕೆಲಸ, ಅಡುಗೆಮನೆಯ ಓವನ್ನಿನಲ್ಲಲ್ಲ.

ಫೈಲು

ಪಾಲ್ ಎಸ್‌ಪಿಗೆ ಬೇಕಾದ್ದು 720 × 576, ಇಂಟರ್‌ಲೇಸ್ (ಎರಡೆರಡು ಫೀಲ್ಡ್ ಹೆಣೆದದ್ದು), 4:2:2, 10 ಬಿಟ್. 13.5 ಮೆಗಾಹರ್ಟ್ಸ್ ಸ್ಯಾಂಪ್ಲಿಂಗ್ 6.75 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ, ಟೇಪಿನಲ್ಲಿರುವುದು 5.5. ಎಚ್‌ಡಿಗೆ ಹಿಗ್ಗಿಸಿ ಹಿಡಿದರೆ ಹೊಸ ವಿವರ ಹುಟ್ಟುವುದಿಲ್ಲ. ಕಂಪ್ರೆಸ್ ಮಾಡದ 10 ಬಿಟ್ ಫೈಲು ಗಂಟೆಗೆ ಸುಮಾರು 100 ಜಿಬಿ ಆಗುತ್ತದೆ. ಎಫ್‌ಎಫ್‌ವಿ1 ಕೋಡೆಕ್ಕಿನಲ್ಲಿ ಎಂಕೆವಿ ಫೈಲಾಗಿ ಇಟ್ಟರೆ ಒಂದು ಬಿಟ್ಟೂ ಕಳೆಯದೆ ಗಾತ್ರ ಸಾಕಷ್ಟು ಇಳಿಯುತ್ತದೆ. ಇದು 2021ರಲ್ಲಿ ಆರ್‌ಎಫ್‌ಸಿ 9043 ಆಗಿ ಪ್ರಕಟವಾದ ಮುಕ್ತ ಮಾನದಂಡ, ಯಾವ ಒಂದು ಕಂಪನಿಯ ಹಿಡಿತದಲ್ಲೂ ಇಲ್ಲ. ಡಿವಿ ಫೈಲಾಗಿ ಮಾಡಿದರೆ ಗಂಟೆಗೆ 13 ಜಿಬಿಯಲ್ಲಿ ಮುಗಿಯುತ್ತದೆ ನಿಜ, ಆದರೆ ಪಾಲ್ ಡಿವಿ 4:2:0. ಬಣ್ಣದ ಅರ್ಧ ಗೆರೆಗಳು ಅಲ್ಲೇ ಹೋದವು.

ಫೀಲ್ಡ್ ಕ್ರಮ ಇನ್ನೊಂದು ಎಡವುವ ಜಾಗ. ಎಸ್‌ಡಿಐ ಅಥವಾ ಕಂಪೋನೆಂಟಿನಿಂದ ಹಿಡಿದ 576 ಗೆರೆಯ ವಿಡಿಯೊದಲ್ಲಿ ಮೇಲಿನ ಫೀಲ್ಡ್ ಮೊದಲು, ಡಿವಿಯಲ್ಲಿ ಕೆಳಗಿನದು ಮೊದಲು. ಅದಲುಬದಲಾದರೆ ಓಡುವ, ಕುಣಿಯುವ ಎಲ್ಲವೂ ಮುಂದೆ ಹಿಂದೆ ನಡುಗುತ್ತದೆ, ನಿಂತ ಚಿತ್ರದಲ್ಲಿ ಏನೂ ಗೊತ್ತಾಗದು. ಕ್ಯಾಮೆರಾ ಅಡ್ಡಕ್ಕೆ ತಿರುಗುವ ಶಾಟ್ ಹುಡುಕಿ ಪರೀಕ್ಷಿಸಿ. ಮಾಸ್ಟರ್ ಫೈಲನ್ನು ಎಂದೂ ಡಿಇಂಟರ್‌ಲೇಸ್ ಮಾಡಬೇಡಿ, ಯೂಟ್ಯೂಬಿಗೆ ಹಾಕುವ ಪ್ರತಿಯಲ್ಲಿ ಮಾಡಿದರೆ ಸಾಕು.

ಕ್ಯಾಪ್ಚರ್‌ಗೆ ವಿರೆಕಾರ್ಡ್, ಪರೀಕ್ಷೆಗೆ ಕ್ಯೂಸಿಟೂಲ್ಸ್, ಎರಡೂ ಉಚಿತ ತಂತ್ರಾಂಶಗಳು, ಟೇಪ್ ಸಂರಕ್ಷಣೆಯ ಕೆಲಸಕ್ಕೆಂದೇ ಮಾಡಿದವು. ಕ್ಯೂಸಿಟೂಲ್ಸ್‌ನ ಗ್ರಾಫಿನಲ್ಲಿ ಹೆಡ್ ಕಟ್ಟಿಕೊಂಡ ಜಾಗ ಗೋಪುರದಂತೆ ಎದ್ದು ಕಾಣುತ್ತದೆ, ಗಂಟೆಯ ಟೇಪನ್ನು ಐದು ನಿಮಿಷದಲ್ಲಿ ತಪಾಸಣೆ ಮಾಡಬಹುದು. ಸರಿ ಇದ್ದರೆ ಎಂಡಿ5 ಚೆಕ್‌ಸಮ್ (ಫೈಲು ಬದಲಾಗಿಲ್ಲ ಎಂದು ಆಮೇಲೆ ಪರಿಶೀಲಿಸುವ ಗುರುತು) ತೆಗೆದು ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ. ಯಾವ ಡೆಕ್, ಅದರ ಡ್ರಮ್ ಗಂಟೆ ಎಷ್ಟು, ಟಿಬಿಸಿ ಪ್ರೀಸೆಟ್ಟೋ ಅಲ್ಲವೋ, ಯಾವ ಟೈಮ್‌ಕೋಡಿನಲ್ಲಿ ಹಳದಿ ದೀಪ ಬಂತು ಎಂಬುದನ್ನು ಫೈಲಿನ ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲಾಗಿ ಇಡಿ.

ಟೇಪನ್ನು ಎಸೆಯಬೇಡಿ. ಕೊನೆಯವರೆಗೂ ಪ್ಲೇ ವೇಗದಲ್ಲಿ ಓಡಿಸಿದ ಸುರುಳಿ ಸಮವಾಗಿ ಬಿಗಿಯಾಗಿರುತ್ತದೆ, ಅದನ್ನು ಹಾಗೆಯೇ ತೆಗೆದು, ಡಬ್ಬಿಯಲ್ಲಿ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಿ. ಲೇಬಲ್ ಮೇಲೆ 'ರಿವೈಂಡ್ ಮಾಡಿಲ್ಲ' ಎಂದು ಬರೆಯಲು ಮರೆಯಬೇಡಿ.